ತಾನಾಗಿ ಹದ ನೋಡುವ ಪಂಪು

ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ರೋಗಿಯನ್ನು ಐಸಿಯುಗೆ ತಂದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ ರಕ್ತದೊತ್ತಡ ಏರುವುದು ತೀರಾ ಸಾಮಾನ್ಯ. ಬೈಪಾಸ್ ಆದವರಲ್ಲಿ, ಮಹಾಪಧಮನಿಯ ವಾಲ್ವ್ ಬದಲಿಸಿದವರಲ್ಲಿ ಇದು ಇನ್ನೂ ಹೆಚ್ಚು. ಆಪರೇಷನ್ ಹೊತ್ತಿನಲ್ಲಿ ತಣ್ಣಗಾಗಿದ್ದ ಮೈ ಬಿಸಿಯೇರುವಾಗ ನಡುಕ ಬರುತ್ತದೆ. ಅರಿವಳಿಕೆ ಇಳಿಯುತ್ತ ಬಂದಂತೆ ನೋವು ಗೊತ್ತಾಗುತ್ತದೆ, ಗಂಟಲಲ್ಲಿ ಇಳಿಬಿಟ್ಟ ಕೊಳವೆ ಕಿರಿಕಿರಿ ಮಾಡುತ್ತದೆ. ಇವೆಲ್ಲದರ ಜೊತೆಗೆ ಹಾರ್ಟ್-ಲಂಗ್ ಯಂತ್ರದ ಮೂಲಕ ರಕ್ತ ಹಾದುಬಂದ ಆಘಾತಕ್ಕೆ ದೇಹ ಅಡ್ರಿನಲಿನ್, ರೆನಿನ್ ಮುಂತಾದ ರಾಸಾಯನಿಕಗಳನ್ನು ಹರಿಯಬಿಡುತ್ತದೆ. ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಬಿಗಿದ ನಾಳದೊಳಗೆ ಅಷ್ಟೇ ರಕ್ತ ನುಗ್ಗಬೇಕಾದಾಗ ಒತ್ತಡ ಮೇಲೇರುತ್ತದೆ.

ಬೇರೆ ಹೊತ್ತಿನಲ್ಲಾದರೆ ಇಂಥ ಏರಿಕೆಗೆ ಒಂದು ಮಾತ್ರೆ ಕೊಟ್ಟು ಎರಡು ಗಂಟೆ ಕಾಯಬಹುದು. ಈ ರೋಗಿಯ ವಿಷಯದಲ್ಲಿ ಅಷ್ಟು ಸಮಯವಿಲ್ಲ. ಕೂದಲಿಗಿಂತ ತೆಳುವಾದ ದಾರದಲ್ಲಿ ಹಾಕಿದ ಹೊಲಿಗೆಗಳು ಇನ್ನೂ ಹಸಿಯಾಗಿವೆ. ಯಂತ್ರಕ್ಕೆ ಜೋಡಿಸಲು ಮಹಾಪಧಮನಿಗೆ ಮಾಡಿದ ತೂತನ್ನು ಹೊಲಿದು ಕೆಲವೇ ಗಂಟೆ ಆಗಿದೆ. ಒತ್ತಡ ಏರಿದರೆ ಹೊಲಿಗೆಯ ಸಂದಿಯಲ್ಲಿ ರಕ್ತ ಜಿನುಗುತ್ತದೆ. ಎದೆಯಿಂದ ಹೊರಬಂದ ಡ್ರೇನ್ ಕೊಳವೆಯ ಡಬ್ಬಿಯಲ್ಲಿ ಗಂಟೆಗಂಟೆಗೂ ಗೆರೆ ಹಾಕಿ ಬರೆದಿಡುವುದು ಇದನ್ನೇ. ಹಾಗೆಂದು ಒತ್ತಡವನ್ನು ತೀರಾ ಇಳಿಸುವಂತೆಯೂ ಇಲ್ಲ. ಇಳಿದರೆ ಮೊದಲು ಮೂತ್ರ ಕಡಿಮೆಯಾಗುತ್ತದೆ, ಮಿದುಳಿಗೂ ಹೊಸದಾಗಿ ಕಟ್ಟಿದ ಬೈಪಾಸ್ ನಾಳಗಳಿಗೂ ರಕ್ತ ಸಾಲದಾಗುತ್ತದೆ. ಸರಾಸರಿ ಒತ್ತಡ ಸುಮಾರು 70ರಿಂದ 80 ಮಿ.ಮೀ. ಪಾದರಸದ ನಡುವೆ ನಿಂತಿರಲಿ ಎಂಬುದು ಸಾಮಾನ್ಯ ಗುರಿ. ಸರಾಸರಿ ಎಂದರೆ ಮೇಲಿನ ಅಂಕಿ, ಕೆಳಗಿನ ಅಂಕಿ ಕೂಡಿಸಿ ಎರಡರಿಂದ ಭಾಗಿಸಿದ್ದಲ್ಲ. ಹೃದಯ ಸಂಕುಚಿಸುವುದಕ್ಕಿಂತ ಸಡಿಲಗೊಂಡಿರುವ ಹೊತ್ತು ಜಾಸ್ತಿ. ಆದ್ದರಿಂದ ಕೆಳಗಿನ ಅಂಕಿಗೆ ಎರಡರ ವ್ಯತ್ಯಾಸದ ಮೂರನೆಯ ಒಂದು ಪಾಲು ಸೇರಿಸುತ್ತಾರೆ. 120/80 ಇದ್ದವರ ಸರಾಸರಿ ಸುಮಾರು 93.

ಇಷ್ಟು ಇಕ್ಕಟ್ಟಾದ ಪಟ್ಟಿಯೊಳಗೆ ಒತ್ತಡವನ್ನು ನಿಲ್ಲಿಸಲು ಬೇಕಾದದ್ದು ಕೊಟ್ಟೊಡನೆ ಕೆಲಸ ಮಾಡುವ, ನಿಲ್ಲಿಸಿದೊಡನೆ ಮಾಯವಾಗುವ ಔಷಧ. ಬಹುಕಾಲ ಈ ಜಾಗದಲ್ಲಿ ಇದ್ದದ್ದು ಸೋಡಿಯಂ ನೈಟ್ರೊಪ್ರುಸೈಡ್. ಐಸಿಯು ಮಾತಿನಲ್ಲಿ ಎಸ್‌ಎನ್‌ಪಿ. ರಸಾಯನಶಾಸ್ತ್ರಕ್ಕೆ ಇದು 1849ರಿಂದ ಗೊತ್ತು, ಸಿದ್ಧಪಡಿಸಿದವರು ಪ್ಲೇಫೇರ್. ರಕ್ತದೊತ್ತಡ ಇಳಿಸುತ್ತದೆ ಎಂಬುದು 1929ರಲ್ಲಿ ತಿಳಿಯಿತು, ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಸಿಕ್ಕಿದ್ದು 1974ರಲ್ಲಿ. ರಕ್ತಕ್ಕೆ ಸೇರಿದೊಡನೆ ಅದು ನೈಟ್ರಿಕ್ ಆಕ್ಸೈಡ್ ಅನಿಲವನ್ನು ಬಿಡುಗಡೆ ಮಾಡುತ್ತದೆ; ಆ ಅನಿಲ ನಾಳಗಳ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಆದರೆ ನೈಟ್ರಿಕ್ ಆಕ್ಸೈಡ್‌ಗೆ ಇಂಥ ಗುಣವಿದೆ ಎಂಬುದು ಹೊರಬಿದ್ದದ್ದೇ 1970ರ ದಶಕದ ಕೊನೆಗೆ, ಅದಕ್ಕೆ ನೊಬೆಲ್ ಬಂದದ್ದು 1998ರಲ್ಲಿ. ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಮೊದಲೇ ವೈದ್ಯರು ಇದನ್ನು ಧಾರಾಳವಾಗಿ ಬಳಸುತ್ತಿದ್ದರು. ವೈದ್ಯಕೀಯದಲ್ಲಿ ಇದು ಅಪರೂಪವೇನಲ್ಲ.

ಎಸ್‌ಎನ್‌ಪಿ ಅಣುವಿನ ನಡುವೆ ಕಬ್ಬಿಣದ ಒಂದು ಪರಮಾಣು ಇದೆ. ಅದರ ಸುತ್ತ ನೈಟ್ರಿಕ್ ಆಕ್ಸೈಡ್‌ನ ಒಂದು ಗುಂಪು, ಸೈನೈಡ್‌ನ ಐದು ಗುಂಪು. ರಾಯಚೂರು ಜಿಲ್ಲೆಯವರಿಗೆ ಸೈನೈಡ್ ಎಂದರೆ ನೆನಪಾಗುವುದು ಹಟ್ಟಿ ಚಿನ್ನದ ಗಣಿ. ಲಿಂಗಸುಗೂರು ತಾಲ್ಲೂಕಿನ ಆ ಕಾರ್ಖಾನೆಯಲ್ಲಿ ನುಣ್ಣಗೆ ಅರೆದ ಅದಿರಿನಿಂದ ಚಿನ್ನವನ್ನು ಕರಗಿಸಿ ತೆಗೆಯುವುದು ಸೈನೈಡ್ ದ್ರಾವಣದಲ್ಲಿಯೇ. ಔಷಧದೊಂದಿಗೆ ದೇಹ ಸೇರುವ ಸೈನೈಡನ್ನು ಯಕೃತ್ತಿನ ಒಂದು ಕಿಣ್ವವು ಗಂಧಕದ ಜೊತೆ ಸೇರಿಸಿ ಥಯೋಸಯನೇಟ್ ಆಗಿ ಬದಲಿಸುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಈ ವ್ಯವಸ್ಥೆಗೆ ಒಂದು ಮಿತಿ ಇದೆ. ಮೈತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 2 ಮೈಕ್ರೋಗ್ರಾಂ ಮೀರಿ ಔಷಧ ಹರಿದರೆ ಸೈನೈಡ್ ಹುಟ್ಟುವ ವೇಗ ದೇಹ ಅದನ್ನು ಕಳೆಯುವ ವೇಗವನ್ನು ಮೀರತೊಡಗುತ್ತದೆ. ಏನೇ ಆದರೂ ಕಿಲೋಗೆ ನಿಮಿಷಕ್ಕೆ 10 ಮೈಕ್ರೋಗ್ರಾಂ ದಾಟಬಾರದು, ಆ ಪ್ರಮಾಣವನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೊಡಬಾರದು ಎಂಬುದು ನಿಯಮ. ಬೆಳಕು ತಾಗಿದರೂ ಈ ಔಷಧ ಕೆಡುತ್ತದೆ. ಐಸಿಯುವಿನಲ್ಲಿ ಸಾಲಾಗಿ ನಿಂತ ಸಿರಿಂಜ್‌ಗಳಲ್ಲಿ ಒಂದಕ್ಕೆ ಮಾತ್ರ ಬೆಳ್ಳಿ ಹಾಳೆಯೋ ಕಪ್ಪು ಕಾಗದವೋ ಸುತ್ತಿದ್ದರೆ ಅದು ಬಹುಪಾಲು ಇದೇ ಆಗಿರುತ್ತದೆ. ತಿಳಿ ಕಂದು ಬಣ್ಣದ ದ್ರಾವಣ ನೀಲಿಗೆ ತಿರುಗಿದರೆ ಚೆಲ್ಲಬೇಕು.

ಕೊಡುವ ಪ್ರಮಾಣ ಎಷ್ಟು ಚಿಕ್ಕದು ಎಂಬುದು ಲೆಕ್ಕ ಹಾಕಿದರೆ ಮಾತ್ರ ಮನಸ್ಸಿಗೆ ಇಳಿಯುತ್ತದೆ. 50 ಮಿ.ಗ್ರಾಂ ಔಷಧವನ್ನು 50 ಮಿ.ಲೀ. ಸಿರಿಂಜಿಗೆ ತುಂಬಿದರೆ ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ. 60 ಕಿಲೋ ತೂಕದವರಿಗೆ ಕಿಲೋಗೆ ನಿಮಿಷಕ್ಕೆ ಅರ್ಧ ಮೈಕ್ರೋಗ್ರಾಂನಂತೆ ಕೊಟ್ಟರೆ ನಿಮಿಷಕ್ಕೆ 30 ಮೈಕ್ರೋಗ್ರಾಂ, ಗಂಟೆಗೆ 1.8 ಮಿ.ಲೀ. ಸಲೈನ್ ಸೆಟ್ಟಿನ ಒಂದು ಹನಿ ಒಂದು ಮಿ.ಲೀ.ಯ ಇಪ್ಪತ್ತನೆಯ ಒಂದು ಪಾಲು. ಅಂದರೆ ಇಲ್ಲಿ ನಿಮಿಷಕ್ಕೆ ಒಂದು ಹನಿಯೂ ಪೂರ್ತಿ ಬೀಳುವುದಿಲ್ಲ. ಹನಿ ಎಣಿಸಿ ಕೊಡುವ ಕಾಲದಲ್ಲಿ ಇಂಥ ಔಷಧವನ್ನು ಹದವಾಗಿ ಕೊಡುವುದು ಎಷ್ಟು ಕಷ್ಟವಿತ್ತೆಂದು ಊಹಿಸಬಹುದು. ಸಿರಿಂಜ್ ಪಂಪ್ ಬಂದ ಮೇಲೆ ಆ ಕಷ್ಟ ನೀಗಿತು. ಸಣ್ಣ ಮೋಟಾರು ತಿರುಗಿಸುವ ಸ್ಕ್ರೂ ಸಿರಿಂಜಿನ ದಂಡವನ್ನು ಕಣ್ಣಿಗೆ ಕಾಣದಷ್ಟು ನಿಧಾನ ಒತ್ತುತ್ತ ಹೋಗುತ್ತದೆ.

ಆದರೆ ಪಂಪು ಹೇಳಿದಷ್ಟನ್ನು ಹರಿಸುತ್ತದೆ, ಎಷ್ಟು ಹರಿಸಬೇಕೆಂದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವವರು ಹಾಸಿಗೆಯ ಪಕ್ಕದ ನರ್ಸ್. ಮಣಿಕಟ್ಟಿನ ಅಪಧಮನಿಗೆ ಸೇರಿಸಿದ ಸಣ್ಣ ಕೊಳವೆ, ಅಂದರೆ ಆರ್ಟ್ ಲೈನ್, ಪ್ರತಿ ಬಡಿತದ ಒತ್ತಡವನ್ನೂ ಮಾನಿಟರ್‌ಗೆ ಕಳಿಸುತ್ತಿರುತ್ತದೆ. ಮಾನಿಟರ್ ನೋಡಿ ಪಂಪಿನ ಅಂಕಿ ಏರಿಸುವುದು, ಸ್ವಲ್ಪ ಕಾದು ಮತ್ತೆ ನೋಡುವುದು, ಇಳಿಸುವುದು. ರಾತ್ರಿಯಿಡೀ ಇದೇ ಕೆಲಸ. ನಡುನಡುವೆ ರಕ್ತದ ಸ್ಯಾಂಪಲ್ ತೆಗೆಯಬೇಕು, ಕಫ ಎಳೆಯಬೇಕು, ಡ್ರೇನ್ ಅಳೆಯಬೇಕು, ಪಕ್ಕದ ಹಾಸಿಗೆಯ ಅಲಾರಂ ಕೂಗಿದರೆ ಅಲ್ಲಿಗೆ ಓಡಬೇಕು. ಒಬ್ಬ ರೋಗಿಗೆ ಒಬ್ಬ ನರ್ಸ್ ಇದ್ದಲ್ಲಿ ಕೈಯಿಂದಲೇ ಒಳ್ಳೆಯ ಹದ ಹಿಡಿಯಬಹುದು. ಇಬ್ಬರಿಗೋ ಮೂವರಿಗೋ ಒಬ್ಬರಾದರೆ ಆಗದು.

ಮಾನಿಟರ್ ಅಂಕಿ ಹೇಳುತ್ತದೆ, ಪಂಪು ಅಂಕಿ ಕೇಳುತ್ತದೆ. ನಡುವೆ ಒಂದು ತಂತಿ ಎಳೆದು ಲೆಕ್ಕವನ್ನು ಕಂಪ್ಯೂಟರಿಗೆ ಬಿಟ್ಟರೆ ಸಾಲದೇ? ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡದ್ದು ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದ ಆಸ್ಪತ್ರೆ. 1955ರಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ಹಾರ್ಟ್-ಲಂಗ್ ಯಂತ್ರ ಬಳಸಿ ಸಾಲಾಗಿ ಶಸ್ತ್ರಚಿಕಿತ್ಸೆ ಮಾಡಿ ಹೆಸರಾಗಿದ್ದ ಜಾನ್ ಕರ್ಕ್‌ಲಿನ್ 1966ರಲ್ಲಿ ಅಲ್ಲಿಗೆ ಬಂದರು. ಅವರೊಂದಿಗೆ ಕೆಲಸ ಮಾಡಿದ ಲೂಯಿ ಶೆಪರ್ಡ್ ವೈದ್ಯರಲ್ಲ, ಕೆಮಿಕಲ್ ಎಂಜಿನಿಯರಿಂಗ್ ಓದಿದವರು. ಕಾರ್ಖಾನೆಯಲ್ಲಿ ಕೊಳಾಯಿಯ ಹರಿವು, ತೊಟ್ಟಿಯ ಮಟ್ಟ, ಕುಲುಮೆಯ ಶಾಖವನ್ನು ಯಂತ್ರ ತಾನೇ ಕಾಯ್ದುಕೊಳ್ಳುವ ವಿದ್ಯೆ ಅವರಿಗೆ ಹೊಸದಲ್ಲ. 1960ರ ದಶಕ ಮುಗಿಯುವುದರೊಳಗೆ ಅಲ್ಲಿನ ಐಸಿಯುವಿನಲ್ಲಿ ಕಂಪ್ಯೂಟರ್ ರೋಗಿಯ ಒತ್ತಡಗಳನ್ನು ಅಳೆದು ರಕ್ತ ಕೊಡುವ ಪಂಪನ್ನು ನಡೆಸುತ್ತಿತ್ತು. 1970ರ ದಶಕದಲ್ಲಿ ಎಸ್‌ಎನ್‌ಪಿ ಪಂಪೂ ಅದರ ಕೈಗೆ ಬಂತು.

ತಂತಿ ಎಳೆದದ್ದರಿಂದಲೇ ಕೆಲಸ ಮುಗಿಯಲಿಲ್ಲ, ಏಕೆಂದರೆ ಔಷಧ ಕೊಡುವುದಕ್ಕೂ ಒತ್ತಡ ಇಳಿಯುವುದಕ್ಕೂ ನಡುವೆ ಹೊತ್ತು ಹಿಡಿಯುತ್ತದೆ. ಇದನ್ನು ಮಾನ್ವಿ ಕಡೆಯ ರೈತರಿಗೆ ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ, ಗಂಗಾವತಿ, ಸಿಂಧನೂರು, ಮಾನ್ವಿ ಹಾದು ರಾಯಚೂರಿನ ಕಡೆ 227 ಕಿ.ಮೀ. ಹರಿಯುತ್ತದೆ. ಅಣೆಕಟ್ಟಿನಲ್ಲಿ ಗೇಟು ಎತ್ತಿದ ಕೂಡಲೇ ಕೊನೆ ಭಾಗದ ಗೇಜ್ ಏರುವುದಿಲ್ಲ, ನೀರು ಅಲ್ಲಿಗೆ ತಲುಪಲು ದಿನಗಳೇ ಬೇಕು. 69ನೇ ಮೈಲಿನಲ್ಲಿ, 104ನೇ ಮೈಲಿನಲ್ಲಿ ಗೇಜ್ ನೋಡಿ ನೀರು ಬರಲಿಲ್ಲವೆಂದು ಮೇಲೆ ಇನ್ನಷ್ಟು ಗೇಟು ಎತ್ತಿಸಿದರೆ, ಮೊದಲು ಬಿಟ್ಟದ್ದೂ ಆಮೇಲೆ ಬಿಟ್ಟದ್ದೂ ಒಟ್ಟಿಗೆ ಬಂದು ಕಾಲುವೆ ಒಡೆಯಬಹುದು. ಹೆದರಿ ಪೂರ್ತಿ ಇಳಿಸಿದರೆ ನಾಲ್ಕು ದಿನ ಕಳೆದು ಕೊನೆ ಭಾಗ ಒಣಗುತ್ತದೆ. ಗೇಟು ಆಡಿಸುವವರು ದಡ್ಡರೇನಲ್ಲ. ಅವರು ಇವತ್ತು ನೋಡುತ್ತಿರುವ ಗೇಜ್ ಮೊನ್ನೆ ಬಿಟ್ಟ ನೀರಿನದು, ತೊಂದರೆ ಅಷ್ಟೇ.

ದೇಹದೊಳಗಿನ ಕಾಲುವೆಯಲ್ಲಿ ದಿನಗಳ ಬದಲು ಸೆಕೆಂಡುಗಳಿವೆ. ಔಷಧ ದೊಡ್ಡ ಅಭಿಧಮನಿಗೆ ಸೇರಿ, ಹೃದಯದ ಬಲಭಾಗ, ಶ್ವಾಸಕೋಶ, ಎಡಭಾಗ ದಾಟಿ ಸಣ್ಣ ಅಪಧಮನಿಗಳನ್ನು ಮುಟ್ಟಲು 20ರಿಂದ 60 ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಮಾನಿಟರ್‌ನ ಅಂಕಿ ಕದಲುವುದೇ ಇಲ್ಲ. ಮುಟ್ಟಿದ ಮೇಲೂ ಪರಿಣಾಮ ಒಮ್ಮೆಲೇ ಕಾಣುವುದಿಲ್ಲ, ಖಾಲಿ ಕೆರೆ ತುಂಬುವಂತೆ ಮೆಲ್ಲಗೆ ಏರುತ್ತದೆ. ಅದರ ಬಹುಪಾಲು ಕಾಣಿಸಿಕೊಳ್ಳಲು ಇನ್ನೊಂದು 30ರಿಂದ 60 ಸೆಕೆಂಡು. ಜೊತೆಗೆ ಮೊದಲ ಸುತ್ತಿನಲ್ಲಿ ಕರಗದೆ ಉಳಿದ ಔಷಧ ರಕ್ತದೊಡನೆ ಸುತ್ತಿ ಬಂದು ಎರಡನೆಯ ಸಲ ಕೆಲಸ ಮಾಡುತ್ತದೆ, ಮೇಲಿನ ಗದ್ದೆಯ ಬಸಿನೀರು ಹಳ್ಳ ಹಿಡಿದು ಕೆಳಗಿನ ಗದ್ದೆಗೆ ಒದಗುವಂತೆ. ಶೆಪರ್ಡ್ ಮತ್ತು ಅವರ ಜೊತೆಗಾರ ಸ್ಲೇಟ್ 1980ರ ಹೊತ್ತಿಗೆ ಇವಿಷ್ಟನ್ನೂ ಒಂದು ಸಮೀಕರಣದಲ್ಲಿ ಹಿಡಿದಿಟ್ಟರು. ಮುಂದೆ ಈ ವಿಷಯದಲ್ಲಿ ಕೆಲಸ ಮಾಡಿದ ಬಹುತೇಕ ಎಂಜಿನಿಯರುಗಳು ತಮ್ಮ ಹೊಸ ಉಪಾಯವನ್ನು ಮೊದಲು ಪರೀಕ್ಷಿಸಿದ್ದು ಆ ಸಮೀಕರಣದ ಮೇಲೆಯೇ.

ಅದೇ ಅಧ್ಯಯನದಿಂದ ಹೊರಬಂದ ಇನ್ನೊಂದು ಸಂಗತಿ ಇದಕ್ಕಿಂತ ತೊಡಕಿನದು. ಒಂದೇ ಪ್ರಮಾಣದ ಔಷಧಕ್ಕೆ ಒಬ್ಬೊಬ್ಬರ ದೇಹ ಒಂದೊಂದು ಬಗೆಯಲ್ಲಿ ಸ್ಪಂದಿಸುತ್ತದೆ, ಮತ್ತು ಆ ವ್ಯತ್ಯಾಸ ಒಂದೂವರೆ ಪಟ್ಟು, ಎರಡು ಪಟ್ಟು ಅಲ್ಲ, 36 ಪಟ್ಟು. ಮಿ.ಲೀ.ಗೆ 200 ಮೈಕ್ರೋಗ್ರಾಂ ಇರುವ ದ್ರಾವಣವನ್ನು ಗಂಟೆಗೆ ಒಂದು ಮಿ.ಲೀ. ಕೊಟ್ಟರೆ ಸಾಧಾರಣ ರೋಗಿಯ ಸರಾಸರಿ ಒತ್ತಡ 1 ಮಿ.ಮೀ. ಇಳಿಯುತ್ತದೆ, ತೀರಾ ಮೊಂಡು ದೇಹದಲ್ಲಿ ಕಾಲು ಮಿ.ಮೀ., ತೀರಾ ಸೂಕ್ಷ್ಮ ದೇಹದಲ್ಲಿ 9 ಮಿ.ಮೀ. ಒತ್ತಡವನ್ನು 110ರಿಂದ 80ಕ್ಕೆ ತರಬೇಕೆಂದುಕೊಳ್ಳಿ. ಸಾಧಾರಣ ರೋಗಿಗೆ ಗಂಟೆಗೆ 30 ಮಿ.ಲೀ. ಬೇಕು. ಸೂಕ್ಷ್ಮದವರಿಗೆ 3.3 ಸಾಕು. ಮೊಂಡು ದೇಹಕ್ಕೆ 120 ಬೇಕು; 60 ಕಿಲೋ ತೂಕದವರಲ್ಲಿ ಇದು ಕಿಲೋಗೆ ನಿಮಿಷಕ್ಕೆ 6.7 ಮೈಕ್ರೋಗ್ರಾಂ ಆಗಿ ಸೈನೈಡ್ ಗೆರೆಯನ್ನು ಎಂದೋ ದಾಟಿರುತ್ತದೆ. ಸಾಧಾರಣ ರೋಗಿಯ ಪ್ರಮಾಣವನ್ನು ಸೂಕ್ಷ್ಮದವರಿಗೆ ಕೊಟ್ಟರೆ ಸಮೀಕರಣದ ಪ್ರಕಾರ ಒತ್ತಡ 270 ಮಿ.ಮೀ. ಇಳಿಯಬೇಕು. ಇರುವುದೇ 110. ಯಾರು ಯಾವ ಬಗೆ ಎಂಬುದು ಮುಖ ನೋಡಿ ತಿಳಿಯುವುದಲ್ಲ. ಅದೇ ರೋಗಿಯಲ್ಲೂ ಮೈ ಬಿಸಿಯಾದಂತೆ, ಎಚ್ಚರವಾದಂತೆ ಅದು ಬದಲಾಗುತ್ತ ಹೋಗುತ್ತದೆ.

ಶೆಪರ್ಡ್ ಮೊದಲು ಬಳಸಿದ್ದು ಕಾರ್ಖಾನೆಗಳಿಗೆಲ್ಲ ಪರಿಚಿತವಾದ ಪಿಐಡಿ ನಿಯಂತ್ರಕ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ, 1985ರಲ್ಲಿ ಮೊದಲ ಘಟಕ ಚಾಲೂ ಆದ 1,720 ಮೆಗಾವಾಟ್‌ನ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದಂಥ ಕಡೆ ಬಾಯ್ಲರಿನ ನೀರಿನ ಮಟ್ಟ, ಉಗಿಯ ಒತ್ತಡ ಕಾಯುವುದು ಇದೇ ಜಾತಿಯ ನಿಯಂತ್ರಕ. ಇದರ ಸಿದ್ಧಾಂತವನ್ನು 1922ರಲ್ಲಿ ಬರೆದಿಟ್ಟ ನಿಕೊಲಾಸ್ ಮಿನೋರ್ಸ್ಕಿ ಎದುರಿಗಿಟ್ಟುಕೊಂಡಿದ್ದು ಹಡಗಿನ ಚುಕ್ಕಾಣಿ ಹಿಡಿಯುವವರನ್ನು. ಅನುಭವಿ ಚಾಲಕ ಮೂರು ಸಂಗತಿ ಒಟ್ಟಿಗೆ ನೋಡುತ್ತಾನೆ: ಹಡಗು ದಾರಿಯಿಂದ ಈಗ ಎಷ್ಟು ಸರಿದಿದೆ, ಎಷ್ಟು ಹೊತ್ತಿನಿಂದ ಸರಿದೇ ಇದೆ, ಮತ್ತು ಸರಿಯುವುದು ಜೋರಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ. ಮೂರಕ್ಕೂ ಒಂದೊಂದು ತೂಕ ಕೊಟ್ಟು ಕೂಡಿಸಿದರೆ ಚುಕ್ಕಾಣಿಯನ್ನು ಎಷ್ಟು ತಿರುಗಿಸಬೇಕೆಂಬುದು ಸಿಗುತ್ತದೆ. ಐಸಿಯುವಿನ ಅನುಭವಿ ನರ್ಸ್ ಮಾಡುವುದೂ ಇದನ್ನೇ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಒತ್ತಡ ಇನ್ನೂ ಹೆಚ್ಚೇ ಇದ್ದರೂ ಅದು ದಬದಬನೆ ಇಳಿಯುತ್ತಿದೆ ಎಂದು ಕಂಡರೆ ಪಂಪಿನ ವೇಗವನ್ನು ಮೊದಲೇ ತಗ್ಗಿಸುತ್ತಾರೆ.

ಬಾಯ್ಲರಿಗೂ ರೋಗಿಗೂ ಇರುವ ವ್ಯತ್ಯಾಸವೆಂದರೆ ಬಾಯ್ಲರ್ ನಿನ್ನೆಯಂತೆಯೇ ಇವತ್ತೂ ಇರುತ್ತದೆ. ಮೂರು ತೂಕಗಳನ್ನು ಒಮ್ಮೆ ಹೊಂದಿಸಿದರೆ ವರ್ಷಗಟ್ಟಲೆ ನಡೆಯುತ್ತದೆ. 36 ಪಟ್ಟು ವ್ಯತ್ಯಾಸವಿರುವಲ್ಲಿ ಹಾಗೆ ಹೊಂದಿಸುವುದು ಅಸಾಧ್ಯ: ಮೊಂಡು ದೇಹಕ್ಕೆ ಹೊಂದಿಸಿದ್ದು ಸೂಕ್ಷ್ಮದವರ ಒತ್ತಡವನ್ನು ಉಯ್ಯಾಲೆ ಆಡಿಸುತ್ತದೆ, ಸೂಕ್ಷ್ಮದವರಿಗೆ ಹೊಂದಿಸಿದ್ದು ಮೊಂಡು ದೇಹದಲ್ಲಿ ಬೆಳಗಾದರೂ ಗುರಿ ಮುಟ್ಟುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನವರು ಇದಕ್ಕೆ ಲೋಕಾನುಭವದ ಕಟ್ಟುಪಾಡುಗಳನ್ನು ಸೇರಿಸಿದರು. ಏರಿಸುವಾಗ ಸಣ್ಣ ಸಣ್ಣ ಹೆಜ್ಜೆ, ಇಳಿಸುವಾಗ ದೊಡ್ಡ ಹೆಜ್ಜೆ. ಒತ್ತಡ ಗುರಿಗಿಂತ ತೀರಾ ಕೆಳಗಿಳಿದರೆ ಲೆಕ್ಕಾಚಾರ ಬಿಟ್ಟು ಪಂಪು ನಿಲ್ಲಿಸುವುದು. ಗಣಿತದ ದೃಷ್ಟಿಯಿಂದ ಇದು ಅಂದವಾದ ಪರಿಹಾರವಲ್ಲ. ಆದರೂ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದು ಇದೇ.

ಆಮೇಲೆ ಬಂದವರು ಹಿಡಿದ ದಾರಿ, ಯಂತ್ರ ರೋಗಿಯನ್ನು ಕಲಿಯುತ್ತ ಹೋಗುವುದು. ಮೊದಲು ಚಿಕ್ಕ ಪ್ರಮಾಣ ಕೊಟ್ಟು ಎಷ್ಟು ಇಳಿಯಿತೆಂದು ನೋಡಿ ದೇಹದ ಸ್ವಭಾವವನ್ನು ಅಂದಾಜು ಮಾಡುವುದು, ಪ್ರತಿ ಹೊಸ ಅಳತೆಯೊಂದಿಗೆ ಅಂದಾಜನ್ನು ತಿದ್ದುವುದು. 1986ರಲ್ಲಿ ಹೆ, ಕಾಫ್‌ಮನ್ ಮತ್ತು ರಾಯ್ ಸೂಚಿಸಿದ ವಿಧಾನದಲ್ಲಿ ಕಂಪ್ಯೂಟರಿನೊಳಗೆ ಮೊಂಡಿನಿಂದ ಸೂಕ್ಷ್ಮದವರೆಗೆ ಹಲವು ಕಾಲ್ಪನಿಕ ರೋಗಿಗಳು ಸಾಲಾಗಿರುತ್ತಾರೆ. ನಿಜವಾದ ರೋಗಿಗೆ ಕೊಟ್ಟ ಔಷಧವನ್ನೇ ಅವರಿಗೂ ಲೆಕ್ಕದಲ್ಲಿ ಕೊಟ್ಟು, ಯಾರ ಒತ್ತಡ ನಿಜದ ಹತ್ತಿರ ಬರುತ್ತದೋ ಅವರಿಗೆ ತಕ್ಕ ನಿಯಂತ್ರಕದ ಮಾತಿಗೆ ಹೆಚ್ಚು ತೂಕ ಕೊಡಲಾಗುತ್ತದೆ. 1992ರಲ್ಲಿ ಯಿಂಗ್ ಮತ್ತು ಶೆಪರ್ಡ್ ಅವರ ಗುಂಪು ಫಜ್ಜಿ ತರ್ಕ ಬಳಸಿ, ‘ಸ್ವಲ್ಪ ಹೆಚ್ಚಿದೆ, ಬೇಗ ಇಳಿಯುತ್ತಿದೆ, ಹಾಗಾಗಿ ತುಸು ತಗ್ಗಿಸು’ ಎಂಬಂಥ ಮಾತುಗಳನ್ನೇ ನಿಯಮಗಳಾಗಿ ಮಾಡಿ ನಿಜ ರೋಗಿಗಳಲ್ಲಿ ನಡೆಸಿತು. ತಿರುಗಿ ನೋಡಿದರೆ ಇದು ನರ್ಸ್‌ಗಳ ಮಾತಿಗೇ ಮರಳಿ ಬಂದಂತೆ ಇದೆ.

ನಿಯಂತ್ರಕ ಎಷ್ಟೇ ಜಾಣವಾಗಿರಲಿ, ಅದಕ್ಕೆ ಸಿಗುವ ಅಂಕಿ ಸುಳ್ಳಾದರೆ ಎಲ್ಲ ಕೆಟ್ಟಂತೆ. ಆರ್ಟ್ ಲೈನಿನ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ರೋಗಿಯ ಹೃದಯದ ಎತ್ತರದಲ್ಲಿ ಇರಬೇಕು. ಅದನ್ನು ಕಂಬಕ್ಕೆ ಕಟ್ಟಿ, ಬಳಿಕ ಎಕ್ಸ್‌ರೇ ತೆಗೆಯಲೆಂದು ಹಾಸಿಗೆಯನ್ನು 20 ಸೆಂ.ಮೀ. ಎತ್ತಿದರೆ ಟ್ರಾನ್ಸ್‌ಡ್ಯೂಸರ್ ಹೃದಯಕ್ಕಿಂತ ಅಷ್ಟು ಕೆಳಗಾಗುತ್ತದೆ. ಕೊಳವೆಯೊಳಗಿನ ನೀರಿನ ಭಾರ ಸೇರಿ ಮಾನಿಟರ್ ಸುಮಾರು 15 ಮಿ.ಮೀ. ಹೆಚ್ಚು ತೋರಿಸುತ್ತದೆ. ರೋಗಿಗೆ ಏನೂ ಆಗಿಲ್ಲ. ಆದರೆ ಯಂತ್ರ ಔಷಧ ಏರಿಸುತ್ತದೆ. ಸ್ಯಾಂಪಲ್ ತೆಗೆಯಲು ಲೈನಿನ ತ್ರೀ-ವೇ ಕೀಲಿ ತಿರುಗಿಸಿದಾಗ ತೆರೆಯ ಮೇಲಿನ ಅಲೆಯೇ ಮಾಯ. ಆಮೇಲೆ ಲೈನು ತೊಳೆಯುವಾಗ 300 ಮಿ.ಮೀ.ಗೆ ಉಬ್ಬಿಸಿಟ್ಟ ಚೀಲದ ಒತ್ತಡ ನೇರ ಮಾನಿಟರಿಗೆ ಹೊಡೆಯುತ್ತದೆ. ನರ್ಸ್‌ಗೆ ಇದು ಗೊತ್ತು, ತೊಳೆದವರೇ ಅವರು. ಯಂತ್ರಕ್ಕೆ ಮಾತ್ರ ಇದೆಲ್ಲ ರೋಗಿಯ ಒತ್ತಡವೇ. ಹೀಗಾಗಿ ಒಳ್ಳೆಯ ವ್ಯವಸ್ಥೆಯ ತಂತ್ರಾಂಶದಲ್ಲಿ ದೊಡ್ಡ ಪಾಲು ನಿಯಂತ್ರಣದ ಗಣಿತಕ್ಕಿಂತ ಅಂಕಿಯ ಸುಳ್ಳು ಹಿಡಿಯುವುದಕ್ಕೇ ಮೀಸಲು: ಬಡಿತದ ಆಕಾರ ಸರಿಯಿದೆಯೇ, ಒಂದೇ ಕ್ಷಣದಲ್ಲಿ ಇಷ್ಟು ಹಾರುವುದು ಸಾಧ್ಯವೇ, ಕೆಮ್ಮಿದ್ದೋ ನಿಜದ ಏರಿಕೆಯೋ. ಸಂಶಯ ಬಂದರೆ ಇದ್ದ ವೇಗದಲ್ಲೇ ನಿಲ್ಲುವುದು, ಅಲಾರಂ ಕೂಗಿಸುವುದು.

ಔಷಧದ ಕೊಳವೆಯ ಕಡೆಯೂ ಇಂಥದೇ ಬಲೆಗಳಿವೆ. ಸಿರಿಂಜಿನಿಂದ ರಕ್ತನಾಳದವರೆಗಿನ ಕೊಳವೆಯಲ್ಲಿ ಒಂದು ಮಿ.ಲೀ. ದ್ರಾವಣ ನಿಂತಿರುತ್ತದೆ ಎನ್ನಿ. ಮೇಲಿನ ಲೆಕ್ಕದ ಗಟ್ಟಿ ದ್ರಾವಣವಾದರೆ ಅದು 1,000 ಮೈಕ್ರೋಗ್ರಾಂ, ಅರ್ಧ ಗಂಟೆಗೂ ಮೀರಿ ಹರಿಯಬೇಕಾದ ಔಷಧ. ಯಾರಾದರೂ ಮರೆತು ಅದೇ ಲೈನಿನಲ್ಲಿ ಇನ್ನೊಂದು ಇಂಜೆಕ್ಷನ್ ತಳ್ಳಿದರೆ ಆ ಒಂದು ಮಿ.ಲೀ. ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಇದನ್ನು ತಡೆಯುವ ಗಣಿತ ಯಾವುದೂ ಇಲ್ಲ. ಪ್ರತ್ಯೇಕ ಲೈನು, ಅದಕ್ಕೊಂದು ಚೀಟಿ, ಅಷ್ಟೇ ದಾರಿ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸೈನೈಡಿನ ಪ್ರಸಂಗ. ಮೈಯಲ್ಲಿ ಸೈನೈಡ್ ಸೇರುತ್ತಿರುವ ಮುನ್ಸೂಚನೆಗಳಲ್ಲಿ ಒಂದು, ಔಷಧ ಹಿಡಿಯದಾಗುವುದು: ನಿನ್ನೆಯ ಪರಿಣಾಮಕ್ಕೆ ಇವತ್ತು ಹೆಚ್ಚು ಬೇಕಾಗುವುದು. ತಿಳಿದ ವೈದ್ಯರು ಇಲ್ಲಿ ಎಚ್ಚೆತ್ತು ರಕ್ತದ ಆಮ್ಲೀಯತೆ ನೋಡುತ್ತಾರೆ, ಔಷಧ ಬದಲಿಸುತ್ತಾರೆ, ಬೇಕಾದರೆ ಥಯೋಸಲ್ಫೇಟ್ ಕೊಡುತ್ತಾರೆ. ಒತ್ತಡವೊಂದನ್ನೇ ನೋಡುವ ಯಂತ್ರ ಮಾಡುವುದು ಇದರ ತದ್ವಿರುದ್ಧ. ಇಳಿಯಲಿಲ್ಲ ಎಂದು ಇನ್ನಷ್ಟು ಹರಿಸುತ್ತದೆ, ಅಂದರೆ ವಿಷವನ್ನೇ ಹೆಚ್ಚಿಸುತ್ತದೆ. ಆದಕಾರಣ ಪ್ರಮಾಣಕ್ಕೊಂದು ಮೇಲ್ಮಿತಿ ಹಾಕಿ, ಅದನ್ನು ತಲುಪಿದಾಗ ಮನುಷ್ಯರನ್ನು ಕರೆಯುವುದು ಈ ಯಂತ್ರಗಳಲ್ಲಿ ಕಡ್ಡಾಯ.

ಇಷ್ಟೆಲ್ಲ ಕಟ್ಟುಪಾಡುಗಳೊಂದಿಗೆ 1980ರ ದಶಕದಲ್ಲಿ ಐವ್ಯಾಕ್ ಕಂಪನಿಯ ‘ಟೈಟ್ರೇಟರ್’ ಎಂಬ ಯಂತ್ರ ಅಮೆರಿಕದ ಆಸ್ಪತ್ರೆಗಳಿಗೆ ಬಂತು. ಹಲವು ಆಸ್ಪತ್ರೆಗಳಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನರ್ಸ್ ಕೈಯಿಂದ, ಇನ್ನೊಂದಕ್ಕೆ ಯಂತ್ರದಿಂದ ಎಸ್‌ಎನ್‌ಪಿ ಕೊಟ್ಟು ಹೋಲಿಸಿದರು. 1989ರಲ್ಲಿ ಕಾಸ್‌ಗ್ರೋವ್, 1992ರಲ್ಲಿ ಚಿಟ್‌ವುಡ್ ಮತ್ತು ಜೊತೆಗಾರರು ಪ್ರಕಟಿಸಿದ ಫಲಿತಾಂಶ ಯಂತ್ರದ ಪರವಾಗಿತ್ತು. ಒತ್ತಡ ಗುರಿಯ ಆಚೀಚೆ ಅಲೆಯುವುದು ಕಡಿಮೆಯಾಯಿತು, ಡ್ರೇನಿನಲ್ಲಿ ಬಂದ ರಕ್ತ ಕಡಿಮೆಯಾಯಿತು, ರಕ್ತ ಕೊಡಬೇಕಾಗಿ ಬಂದದ್ದೂ ಕಡಿಮೆಯಾಯಿತು. ಒತ್ತಡದ ರೇಖೆ ನೇರವಾಗುವುದು ಎಂಜಿನಿಯರಿಗೆ ಸಂತೋಷ. ರಕ್ತದ ಬಾಟಲಿ ಉಳಿಯುವುದು ರೋಗಿಗೆ ಸಿಕ್ಕ ಲಾಭ. ಇಷ್ಟಾದರೂ ಯಂತ್ರ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಒಂದೇ ಔಷಧಕ್ಕೆ, ಒಂದೇ ಬಗೆಯ ರೋಗಿಗೆ ಬಳಕೆಯಾಗುವ ಪೆಟ್ಟಿಗೆ ಅದು. ಅಷ್ಟರಲ್ಲಿ ಎಸ್‌ಎನ್‌ಪಿಯ ಜಾಗಕ್ಕೆ ನೈಟ್ರೊಗ್ಲಿಸರಿನ್, ಲ್ಯಾಬೆಟಲಾಲ್, ಎಸ್ಮೊಲಾಲ್, ನಿಕಾರ್ಡಿಪಿನ್ ಬರತೊಡಗಿದ್ದವು. 2008ರಲ್ಲಿ ಕೆಲವೇ ನಿಮಿಷ ಕೆಲಸ ಮಾಡಿ ಕರಗುವ ಕ್ಲೆವಿಡಿಪಿನ್ ಸಹ ಬಂತು. ಅಪಾಯ ಹೆಚ್ಚು ಎಂದು ಸ್ವಯಂಚಾಲಿತ ಔಷಧ ಯಂತ್ರಗಳಿಗೆ ಒಪ್ಪಿಗೆ ಕೊಡುವ ಕ್ರಮವೂ ಬಿಗಿಯಾಗಿದೆ. ಇದೇ ತತ್ವದ ಮೇಲೆ ನಡೆಯುವ ಇನ್ಸುಲಿನ್ ಪಂಪು 2016ರಲ್ಲಿ ಒಪ್ಪಿಗೆ ಪಡೆದು ಗೆದ್ದಿತು. ಅದನ್ನು ಒಬ್ಬರು ವರ್ಷಾನುಗಟ್ಟಲೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ, ಐಸಿಯು ಪಂಪು ಒಂದು ರಾತ್ರಿಯ ನೆಂಟ. ವ್ಯಾಪಾರದ ಲೆಕ್ಕ ಅಲ್ಲೇ ಬೇರೆಯಾಗುತ್ತದೆ.

ಈಗಿನ ಕೆಲಸ ಹೆಚ್ಚಾಗಿ ನಡೆದಿರುವುದು ಇನ್ನೊಂದು ತುದಿಯಲ್ಲಿ, ಅಂದರೆ ಬಿದ್ದ ಒತ್ತಡವನ್ನು ಎತ್ತುವುದರಲ್ಲಿ. ಹಾಂಗ್‌ಕಾಂಗ್‌ನ ನ್ಗಾನ್ ಕೀ 2007ರಲ್ಲಿ ಸಿಸೇರಿಯನ್ ಹೊತ್ತಿನ ಒತ್ತಡಕ್ಕೆ ಫಿನೈಲೆಫ್ರಿನ್ ಕೊಡುವ ಸ್ವಯಂಚಾಲಿತ ಪಂಪನ್ನು ತೋರಿಸಿದರು. ಬೆಲ್ಜಿಯಂನ ಯೂಸ್ಟೆನ್ ಮತ್ತು ಕ್ಯಾಲಿಫೋರ್ನಿಯಾದ ರೈನ್‌ಹಾರ್ಟ್ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೂ ಆಮೇಲೂ ನಾರ್‌ಅಡ್ರಿನಲಿನ್‌ಗೆ ಇದನ್ನೇ ಮಾಡಿದ್ದಾರೆ. ಭಾರತದಲ್ಲಿ ಇದರ ಹತ್ತಿರದ ನೆಂಟ ಚಂಡೀಗಢದ ಪಿಜಿಐನಲ್ಲಿ ಜಿ.ಡಿ. ಪುರಿ ಅವರ ತಂಡ ಕಟ್ಟಿದ ‘ಕ್ಲ್ಯಾಡ್ಸ್’. ಅದು ನೋಡುವುದು ಒತ್ತಡವನ್ನಲ್ಲ, ಮಿದುಳಿನ ವಿದ್ಯುತ್ ಅಲೆಯಿಂದ ಲೆಕ್ಕ ಹಾಕಿದ ಅರಿವಳಿಕೆಯ ಆಳವನ್ನು. ಅದಕ್ಕೆ ತಕ್ಕಂತೆ ಪ್ರೊಪೊಫಾಲ್ ಹರಿಸುತ್ತದೆ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಕೈಯಿಂದ ಕೊಡುವುದರೊಂದಿಗೆ ಅದನ್ನು ಹೋಲಿಸಿದ ಅಧ್ಯಯನ 2009ರಲ್ಲಿ ಬಂತು. ಸಮುದ್ರಮಟ್ಟದಿಂದ 3,505 ಮೀಟರ್ ಎತ್ತರದ ಲೇಹ್‌ನಲ್ಲಿಯೂ ಅದನ್ನು ಪರೀಕ್ಷಿಸಿದರು. ದೊಡ್ಡ ಊರಿನ ಆಸ್ಪತ್ರೆಯಾಚೆ ಇಂಥ ಯಂತ್ರ ನಡೆಯುತ್ತದೆಯೇ ಎಂಬುದೇ ನಮ್ಮಲ್ಲಿ ಕೇಳಬೇಕಾದ ಪ್ರಶ್ನೆ, ಆದ್ದರಿಂದ ಲೇಹ್ ಪರೀಕ್ಷೆಗೆ ಹೆಚ್ಚು ಬೆಲೆ.

ರಾಯಚೂರು ಜಿಲ್ಲೆಗೆ ಆ ಪ್ರಶ್ನೆ ನೇರವಾಗಿ ತಟ್ಟುತ್ತದೆ. ದೇವದುರ್ಗದವರೋ ಮಾನ್ವಿಯವರೋ ಬೈಪಾಸ್ ಅಥವಾ ವಾಲ್ವ್ ಆಪರೇಷನ್ ಎಂದರೆ ಸಾಮಾನ್ಯವಾಗಿ ಹೊರಡುವುದು ಕಲಬುರಗಿ, ಹೈದರಾಬಾದು ಇಲ್ಲವೇ ಬೆಂಗಳೂರಿಗೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದದ್ದು ಇದೇ ಕಲಬುರಗಿ ವಿಭಾಗದಲ್ಲಿ. ಬಿಪಿಎಲ್ ಕಾರ್ಡಿನವರಿಗೆ ಹೃದಯದ ಶಸ್ತ್ರಚಿಕಿತ್ಸೆ ಕೈಗೆಟುಕತೊಡಗಿದ್ದು ಆಗ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 2016ರಲ್ಲಿ ಕಲಬುರಗಿಯಲ್ಲಿ ಶಾಖೆ ತೆರೆಯಿತು. 371 ಹಾಸಿಗೆಗಳ ಅದರ ಸ್ವಂತ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಹಾಸಿಗೆ ಹೆಚ್ಚಿದಂತೆ ಐಸಿಯು ಪಳಗಿದ ನರ್ಸ್‌ಗಳು ಅದೇ ವೇಗದಲ್ಲಿ ಹೆಚ್ಚುವುದಿಲ್ಲ, ಪಳಗಲು ವರ್ಷಗಳು ಬೇಕು. ಸ್ವಯಂಚಾಲಿತ ಪಂಪು ನರ್ಸ್‌ನ ಜಾಗ ತುಂಬಲಾರದು. ಟ್ರಾನ್ಸ್‌ಡ್ಯೂಸರಿನ ಎತ್ತರ ನೋಡುವವರು, ಲೈನಿಗೆ ಚೀಟಿ ಅಂಟಿಸುವವರು ಅವರೇ. ಆದರೆ ನಿಮಿಷಕ್ಕೊಮ್ಮೆ ಅಂಕಿ ತಿದ್ದುವ ಕೆಲಸವನ್ನು ಅದು ವಹಿಸಿಕೊಂಡರೆ ಉಳಿದದ್ದಕ್ಕೆ ಅವರ ಕೈ ಬಿಡುವಾಗುತ್ತದೆ. ಒಳ್ಳೆಯ ಸಿಬ್ಬಂದಿ ತುಂಬಿರುವ ಬರ್ಮಿಂಗ್‌ಹ್ಯಾಮ್‌ಗಿಂತ ಈ ಯಂತ್ರದ ಅಗತ್ಯ ನಮ್ಮ ಕಡೆಯ ಐಸಿಯುಗಳಿಗೇ ಹೆಚ್ಚಿತ್ತು ಎನ್ನಬೇಕು.

ಪಂಪಿನ ಕೆಲಸ ಹೆಚ್ಚೆಂದರೆ ಒಂದೆರಡು ದಿನ. ನಡುಕ ನಿಂತು, ಗಂಟಲಿನ ಕೊಳವೆ ತೆಗೆದು, ರೋಗಿ ಗಂಜಿ ಕುಡಿಯುವ ಹೊತ್ತಿಗೆ ನಾಳಗಳ ಬಿಗಿ ತಾನೇ ಸಡಿಲುತ್ತ ಬರುತ್ತದೆ, ಪಂಪಿನ ಅಂಕಿ ಸೊನ್ನೆಯ ಕಡೆ ಇಳಿಯುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸದೆ, ಬಾಯಿಂದ ಕೊಟ್ಟ ಮಾತ್ರೆ ಹಿಡಿಯುವವರೆಗೆ ಮೆಲ್ಲಗೆ ತಗ್ಗಿಸುತ್ತಾರೆ. ಅಲ್ಲಿಂದ ಮುಂದೆ ನಿಯಂತ್ರಣದ ಚಕ್ರ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ರೋಗಿ ಊರಿಗೆ ಮರಳಿದ ಮೇಲೆ ಅಳೆಯುವುದು ತೋಳಿಗೆ ಸುತ್ತುವ ಪಟ್ಟಿಯಿಂದ, ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ, ತಿಂಗಳಿಗೊಮ್ಮೆ. ಮಾತ್ರೆಯ ಪ್ರಮಾಣ ತಿದ್ದುವುದೂ ಆಗಲೇ. ಔಷಧ ಬದಲಿಸಿದ್ದರ ಫಲ ಕಾಣಲು ಇಲ್ಲಿ ಎರಡು ಮೂರು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೇ ಇಳಿಯಲಿಲ್ಲವೆಂದು ಪಕ್ಕದ ಊರಿನ ಇನ್ನೊಬ್ಬ ಡಾಕ್ಟರ ಹತ್ತಿರ ಇನ್ನೊಂದು ಮಾತ್ರೆ ಬರೆಸಿಕೊಂಡವರು ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ, ಬೆವರಿ ನೀರು ಕಳೆದುಕೊಂಡ ಮೈಯಲ್ಲಿ, ಎದ್ದು ನಿಂತೊಡನೆ ಕಣ್ಣು ಕತ್ತಲೆ ಬಂದು ಕುಸಿಯುವುದುಂಟು. ನೀರು ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯ ಗೇಟು ಎತ್ತಿರುತ್ತಾರೆ.